ಮೂರನೆಯ ಓಟಪಥಕ್ಕೆ ನನ್ನ ಅಕ್ಕನ ಶವಪೆಟ್ಟಿಗೆಯಿಂದಾದ ಅಡಚಣೆಯ ಕುರಿತು

ಶ್ರೀ ರಸೆಲ್ ಹ್ಯಾಸ್ಲೆಟ್ ಅವರಿಗೆ,
ಕರಾವಳಿ ಓಟಪಥಗಳ ನಿರ್ದೇಶಕರು, ಜಿಲ್ಲಾ ಪರಿಷತ್ತು

ಮಾನ್ಯರೇ,

ತಮಗೂ, ತಮ್ಮ ಕಚೇರಿಯ ಸಮಸ್ತ ಸಿಬ್ಬಂದಿಗೂ, ತಮ್ಮ ಮೇಜಿನ ಹಿಂದಿನ ಗೋಡೆಯಲ್ಲಿ ತೂಗುತ್ತಿರುವ, ಅಲ್ಲಿ ಮಾತ್ರ ಎಂದೂ ಮಳೆ ಬಾರದ ನಮ್ಮ ಊರಿನ ಬಣ್ಣದ ಚಿತ್ರಕ್ಕೂ ಬ್ಯಾಲಿಕೀರಾದಿಂದ ಗೌರವದ ವಂದನೆಗಳು. ನನ್ನ ಅಕ್ಕ ಡಿಂಪ್ನಾ ಡೆನ್ವಿರ್ ತನ್ನ ಅಂತ್ಯಕ್ರಿಯೆಯ ದಿನ 'ಮೂರನೆಯ ಸುಂದರ ಓಟಪಥದ ಸುಗಮ ಬಳಕೆಗೆ ಅಡ್ಡಿಪಡಿಸಿದ' ಬಗ್ಗೆ ತಾವು ಬರೆದ ಪತ್ರ ಕೈಸೇರಿತು. ಪತ್ರ ಅವಳ ಹೆಸರಿಗೇ ಇದ್ದುದರಿಂದ ಒಡೆಯಲು ಕೊಂಚ ಹಿಂಜರಿದೆ. ಆದರೆ ಅವಳು ಸದ್ಯ ಉತ್ತರಿಸುವ ಸ್ಥಿತಿಯಲ್ಲಿ ಇಲ್ಲವಾದ್ದರಿಂದ ತಮ್ಮನಾದ ನಾನು ಆ ಕೆಲಸಕ್ಕೆ ಕೈಹಾಕಿದ್ದೇನೆ. ತಮ್ಮ ಪತ್ರದ ಒಂದು ಪ್ರತಿಯನ್ನು ಊರಿನ ಸೂಚನಾ ಫಲಕಕ್ಕೂ ಅಂಟಿಸಿ ಎಲ್ಲರೂ ಓದುವಂತೆ ಮಾಡಿದ ತಮ್ಮ ಔದಾರ್ಯವನ್ನೇ ಅನುಸರಿಸಿ, ನಾನೂ ಈ ಉತ್ತರವನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ಮೊದಲು ಋಣ ಒಪ್ಪಿಕೊಳ್ಳಬೇಕು. ಕಡಲು ನೆಲದೊಳಕ್ಕೆ ಚಾಚಿದ ಈ ತೋಳನ್ನು ನಾವು ಇಷ್ಟು ಕಾಲ ಬರಿದೇ ಲಾಖ್ ಎಂದು ಕರೆದುಕೊಂಡು, ಅದರಲ್ಲಿ ಮೀನು ಹಿಡಿದುಕೊಂಡು, ಆಗಾಗ ಅದರಲ್ಲಿ ಮುಳುಗಿಕೊಂಡು ಬದುಕಿದ್ದೆವು. ಅದು 'ಉಸಿರು ಬಿಗಿಹಿಡಿಸುವ ಜಲದೃಶ್ಯ' ಎಂಬುದು ತಿಳಿದದ್ದು ತಮ್ಮ ಓಟಪಥಗಳ ಪುಸ್ತಿಕೆ ಮನೆಮನೆಗೆ ಬಂದ ಮೇಲೆಯೇ. ತಮ್ಮ ಮೊದಲನೆಯ ಪಥ ಮಗೀಯವರ ಹೊಲದ ನಡುವೆ ಹಾದು, 'ಜಾನುವಾರುಗಳನ್ನು ಹತ್ತಿರದಿಂದ ಕಾಣುವ ಅವಕಾಶ' ಒದಗಿಸುತ್ತದೆ. ಆ ಜಾನುವಾರು ಒಂದೇ ಒಂದು, ಹೋರಿ, ಅದಕ್ಕೂ ಓಟಗಾರರನ್ನು ಹತ್ತಿರದಿಂದ ಕಾಣುವ ಆಸೆ ಇದೆಯೆಂಬುದನ್ನು ಪುಸ್ತಿಕೆ ವಿನಯದಿಂದ ಬಿಟ್ಟಿದೆ; ಆದರೂ ಜಿಲ್ಲೆಯಲ್ಲಿ ಅತಿವೇಗದ ಓಟಗಳು ದಾಖಲಾಗುತ್ತಿರುವುದು ಆ ಪಥದಲ್ಲೇ ಎಂದು ಕೇಳಿ ಹೆಮ್ಮೆಪಟ್ಟಿದ್ದೇವೆ. ಎರಡನೆಯದು ದಡದಲ್ಲಿ ಪಾಚಿ ಕೊಳೆಯುವ ಕೊಲ್ಲಿಯನ್ನು ಬಳಸಿ, ಹಟ್ಟಿಗೊಬ್ಬರ ಹರಡಿದ ಗದ್ದೆಗಳ ಪಕ್ಕದಲ್ಲಿ ಸಾಗುತ್ತದೆ. ಅಲ್ಲಿ 'ಆಳವಾಗಿ ಉಸಿರೆಳೆದುಕೊಳ್ಳಿ' ಎಂದು ಫಲಕ ನೆಟ್ಟವರಿಗೆ ಹಾಸ್ಯಪ್ರಜ್ಞೆ ಇಲ್ಲವೆಂದು ಹೇಳುವವರ ಜೊತೆ ನಾನು ಜಗಳವನ್ನೇ ಆಡಿದ್ದೇನೆ.

ಇನ್ನು ಮೂರನೆಯದು. ಕಡಲಿನ ಇಳಿತದ ಹೊತ್ತಿನಲ್ಲಿ ಮಾತ್ರ ನೀರಿನಿಂದ ಮೇಲೇಳುವ ಕಲ್ಲುಹಾದಿಯ ಮೇಲೆ ಓಡಿ, ಕೀರಾ ದ್ವೀಪದ ದೊಡ್ಡ ಶಿಲುಬೆಯನ್ನು ಸುತ್ತಿ, ಅದೇ ಹಾದಿಯಲ್ಲಿ ಮರಳುವುದು. ಪುಸ್ತಿಕೆಯಲ್ಲಿ ಆ ದ್ವೀಪದ ಹೆಸರು 'ಹಿಂತಿರುಗುವ ಸ್ಥಳ'. ನಾವು ಸುಮಾರು ಹನ್ನೆರಡು ತಲೆಮಾರುಗಳಿಂದ ನಮ್ಮವರನ್ನು ಅಲ್ಲಿ ಹೂಳುತ್ತ ಬಂದಿದ್ದೇವೆ. ಹಿಂತಿರುಗಿದವರು ಯಾರೂ ಇಲ್ಲದಿರುವುದರಿಂದ ಈ ಹೆಸರು ನಮಗೆ ಹೊಳೆದಿರಲಿಲ್ಲ.

ಡಿಂಪ್ನಾ ಶಾಲೆಯ ಅಡುಗೆಮನೆಯಲ್ಲಿ ಬದುಕು ಕಳೆದವಳು, ಜೀವಮಾನದಲ್ಲಿ ಎಂದೂ ಓಡಿದವಳಲ್ಲ. ತಿರುವಿನಲ್ಲಿ ಬಸ್ಸು ಕಂಡರೂ ಹೆಜ್ಜೆ ಬಿರುಸು ಮಾಡುತ್ತಿರಲಿಲ್ಲ. 'ನಾನು ಬೇಕಾದ್ರೆ ಅದೇ ನಿಲ್ಲತ್ತೆ, ನೀನ್ಯಾಕೋ ಏದುಸಿರು ಬಿಡ್ತೀಯಾ' ಎಂದು ನನಗೇ ಬೈಯುತ್ತಿದ್ದಳು. ಸಾಯುವಾಗಲೂ ಅವಸರ ಮಾಡಲಿಲ್ಲ. ಅವಳು ಕೇಳಿಕೊಂಡದ್ದು ಒಂದೇ, ಅಮ್ಮನ ಪಕ್ಕದಲ್ಲಿ ಜಾಗ. ಮನೆಯಲ್ಲಿ ಹೆಣವಿಟ್ಟು, ಊರೆಲ್ಲ ಬಂದು ಚಹಾ ಕುಡಿದು, ಅವಳ ವಿಷಯ ಇದ್ದದ್ದೂ ಇಲ್ಲದ್ದೂ ಹೇಳಿ ಹೋದ ಮೇಲೆ, ಹಗಲು ಹೊತ್ತಿನ ಒಳ್ಳೆಯ ಇಳಿತ ಸಿಕ್ಕಿದ್ದು ಶನಿವಾರ. ಆ ಶನಿವಾರವನ್ನು ತಾವೂ ಆರಿಸಿದ್ದಿರಿ. ಚಂದ್ರ ಎರಡೂ ಕಡೆಗೆ ಒಂದೇ ದಿನ ಕೊಟ್ಟದ್ದು ಅವನ ತಪ್ಪು. ಅವನಿಗೂ ತಾವು ಪತ್ರ ಬರೆದಿದ್ದೀರೆಂದು ನಂಬಿದ್ದೇನೆ.

ನಾವು ಹೆಗಲ ಮೇಲೆ ಪೆಟ್ಟಿಗೆ ಹೊತ್ತು ಕಲ್ಲುಹಾದಿಯ ಬಾಯಿಗೆ ಬಂದಾಗ, ಕಿತ್ತಳೆ ಬಣ್ಣದ ಅಂಗಿ ತೊಟ್ಟ ತಮ್ಮ ಸ್ವಯಂಸೇವಕಿ ಕೈ ಅಡ್ಡ ಹಿಡಿದು ನಿಲ್ಲಿಸಿದಳು. ಆ ಹುಡುಗಿಯ ಮೇಲೆ ನನಗೆ ಕೋಪವಿಲ್ಲ, ತನ್ನ ಕೆಲಸವನ್ನು ಇಷ್ಟು ನಿಷ್ಠೆಯಿಂದ ಮಾಡುವವರು ಪರಿಷತ್ತಿನಲ್ಲಿ ಇದ್ದಾರೆಂಬ ಆಶ್ಚರ್ಯ ಮಾತ್ರ. 'ಸರ್, ಕೊನೇ ಓಟಗಾರರು ವಾಪಸ್ ಬರೋವರ್ಗೂ ಯಾರನ್ನೂ ಬಿಡೋ ಹಾಗಿಲ್ಲ. ನಿಮ್ ಗುಂಪಿಗೆ ನಂಬರ್ ಕೊಟ್ಟಿದಾರಾ?' ಎಂದು ಕೇಳಿದಳು. ಹೂಳುವ ವ್ಯವಸ್ಥೆಯೆಲ್ಲ ನೋಡಿಕೊಳ್ಳುವ ಲೋರ್ಕನ್ ಪೊಲ್ಲಿ ಟೋಪಿ ತೆಗೆದು, 'ಇಲ್ಲ ಮಗಳೇ, ಇವ್ಳಿಗೆ ಓಡೋ ಅಭ್ಯಾಸ ಇಲ್ಲ, ಹೊತ್ಕೊಂಡೇ ಹೋಗ್ಬೇಕು' ಎಂದ. ಅವಳು ವಾಕಿಟಾಕಿಯಲ್ಲಿ ವಿಚಾರಿಸಿದಳು. ಅತ್ತ ಕಡೆಯ ದನಿ, 'ನೋಂದಣಿ ಆಗಿಲ್ದೆ ಇದ್ರೆ ಪಕ್ಕಕ್ಕೆ ನಿಲ್ಸು. ಏನೋ ಹೊತ್ಕೊಂಡಿದಾರೆ ಅಂದ್ಯಲ್ಲ, ಅದನ್ನ ಕೆಳಗಿಡೋಕೆ ಹೇಳು' ಎಂದಿತು.

ಮಾನ್ಯರೇ, ತಾವು ಓಟದ ತಜ್ಞರು, ಹೊರುವ ವಿಷಯದಲ್ಲಿ ನಮಗೂ ಅಲ್ಪಸ್ವಲ್ಪ ತಿಳಿವಳಿಕೆ ಉಂಟು. ಮನೆ ಬಿಟ್ಟ ಪೆಟ್ಟಿಗೆಯನ್ನು ನಮ್ಮಲ್ಲಿ ಗೋರಿಯ ಬಾಯಿಯವರೆಗೆ ನೆಲಕ್ಕಿಡುವುದಿಲ್ಲ, ಮನೆಗೆ ಮರಳಿ ತರುವುದಂತೂ ಕೇಳಿಲ್ಲದ ಮಾತು. ಹಾದಿಯೋ ಎರಡು ಗಾಡಿ ಎದುರುಬದುರಾಗಲಾರದಷ್ಟು ಕಿರಿದು. ತಮ್ಮ ಕೊನೆಯ ಓಟಗಾರರು ಇನ್ನೂ ದ್ವೀಪದ ಕಡೆಗೇ ಹೋಗುತ್ತಿದ್ದರು. ಅವರು ಮರಳುವ ಹೊತ್ತಿಗೆ ನೀರೂ ಮರಳುತ್ತದೆಂಬುದು ಹೆಗಲು ಕೊಟ್ಟು ನಿಂತಿದ್ದ ಎಲ್ಲರಿಗೂ ಗೊತ್ತಿತ್ತು. ಅಷ್ಟು ಹೊತ್ತು ಅಕ್ಕನ ಭಾರ ಹೆಗಲ ಮೇಲಿತ್ತು. ಅವಳು ಹಗುರವಾಗಿದ್ದಳು ಎಂದು ಬರೆಯುವ ಆಸೆಯಾಗುತ್ತದೆ. ಹಗುರವಾಗಿರಲಿಲ್ಲ.

ಆಗ ಬಂದವನು ಕೊನ್ಲೆತ್ ರೋಗನ್, ನಮ್ಮೂರ ಕಸಾಯಿ ಅಂಗಡಿಯವನು, ಬದುಕಿನಲ್ಲೇ ಮೊದಲ ಬಾರಿಗೆ ಎಲ್ಲರಿಗಿಂತ ಮುಂದೆ. ಓಟ ಮುಗಿಸಿ, ಕಪ್ಪು ಸೂಟು ತೊಟ್ಟು ನಮ್ಮನ್ನು ಸೇರುವವನಿದ್ದ. ಗುರಿಯಲ್ಲಿ ಅಡ್ಡ ಕಟ್ಟಿದ್ದ ಗೆಲುವಿನ ಪಟ್ಟಿ ಅವನ ಕಣ್ಣಿಗೆ ಕಾಣುವಷ್ಟು ದೂರದಲ್ಲಿತ್ತು. ಆದರೆ ಎದುರಿಗೆ ಹೆಣ ಬಂದರೆ, ಎಂಥ ಅವಸರವಿದ್ದರೂ, ತಿರುಗಿ ಅದರ ಜೊತೆ ಕೆಲವು ಹೆಜ್ಜೆಯಾದರೂ ಹಾಕಿಯೇ ತನ್ನ ದಾರಿ ಹಿಡಿಯಬೇಕೆಂಬುದು ನಮ್ಮ ಕಡೆಯ ಪದ್ಧತಿ. ಕೊನ್ಲೆತ್ ನಿಂತ, ಎದೆಯ ಮೇಲಿನ ನಂಬರು ಕಿತ್ತು ಚಡ್ಡಿಯೊಳಗೆ ತುರುಕಿದ, 'ತಪ್ಪಾಯ್ತು ಡಿಂಪ್ನಾ, ಸೂಟು ಕಾರಲ್ಲಿದೆ ತಾಯೀ' ಎಂದು ಶಿಲುಬೆಯ ಗುರುತು ಹಾಕಿಕೊಂಡು, ಬಂದ ದಾರಿಗೇ ತಿರುಗಿ ನಡೆಯತೊಡಗಿದ. ಜೊತೆ ಹೆಜ್ಜೆ ಹಾಕುವವನು ಹೊರಟ ಮೇಲೆ ಹೆಣ ನಿಲ್ಲುವುದುಂಟೇ? 'ನಡೀರಪ್ಪಾ, ಮರ್ಯಾದೆ ಪ್ರಶ್ನೆ' ಎಂದ ಲೋರ್ಕನ್.

ಅವನ ಹಿಂದೆ ಬಂದ ನಮ್ಮೂರ ಓಟಗಾರರೂ ತಿರುಗಿದರು. ಅವರ ಹಿಂದಿನವರು ಬೆಲ್‌ಫಾಸ್ಟಿನವರು, ಡಬ್ಲಿನ್ನಿನವರು, ತಮ್ಮ ಪುಸ್ತಿಕೆಯನ್ನು ಮನಸಾರೆ ನಂಬಿ ಬಂದವರು. 'ಇನ್ನೊಂದು ಸುತ್ತು ಇದೆಯಂತೆ!' ಎಂದನೊಬ್ಬ. 'ಪುಸ್ತಕದಲ್ಲಿ ಇರ್ಲಿಲ್ವಲ್ಲೋ?' 'ಮುಂದಿರೋರೆಲ್ಲ ಊರಿನವ್ರು, ಅವ್ರಿಗೆ ಗೊತ್ತಿರಲ್ವಾ, ತಿರುಗು ಸುಮ್ನೆ!' ಹೀಗೆ ತಮ್ಮ ಓಟ ಇಡಿಯಾಗಿ ಹಿಮ್ಮುಖವಾಗಿ ದ್ವೀಪದ ಕಡೆಗೆ ಹೊರಟಿತು. ಸೀಟಿ ಊದುತ್ತಿದ್ದ ತಮ್ಮ ಸ್ವಯಂಸೇವಕಿಗೆ ಲೋರ್ಕನ್, 'ಈಗ ನಾವೂ ಓಟದ ದಿಕ್ಕಲ್ಲೇ ಹೋಗ್ತಿದೀವಲ್ಲಮ್ಮ' ಎಂದು ಸಮಾಧಾನ ಹೇಳಿ ದಾಟಿಸಿದ.

ಅಂಥ ಮೆರವಣಿಗೆಯನ್ನು ರಾಜರೂ ಕಂಡಿರಲಾರರು. ನಮ್ಮ ಹೆಗಲುಗಳು ಸೋತಾಗ, ಗುಲಾಬಿ ಬಣ್ಣದ ಬೂಟು ತೊಟ್ಟ ಅಪರಿಚಿತರು ಯಾರೂ ಕೇಳದೆಯೇ ಬಂದು ಹೆಗಲು ಕೊಟ್ಟರು. ಒಬ್ಬನ ಕೈಗಡಿಯಾರ ದಾರಿಯುದ್ದಕ್ಕೂ 'ವೇಗ ಕುಸಿದಿದೆ, ವೇಗ ಕುಸಿದಿದೆ' ಎಂದು ಎಚ್ಚರಿಸುತ್ತಲೇ ಇತ್ತು, ಕೊನೆಗೆ ಅವನು ಅದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡ. ನೀರು ಕಲ್ಲುಗಳ ಅಂಚು ನೆಕ್ಕುವ ಮುನ್ನ ನಾವು ದಾಟಿದೆವು. ಅಕ್ಕ ಅಮ್ಮನ ಪಕ್ಕ ಸೇರಿದಳು. ನಮ್ಮ ಪಾದ್ರಿಗಳು ಪ್ರಾರ್ಥನೆ ಮೊಟಕು ಮಾಡುವವರಲ್ಲವಾದ್ದರಿಂದ, ಆಮೆನ್ ಎನ್ನುವಷ್ಟರಲ್ಲಿ ಹಾದಿ ಮುಳುಗಿತ್ತು. ಸಂಜೆಯ ಇಳಿತದವರೆಗೆ ಇನ್ನೂರು ಓಟಗಾರರು ತೆಳುವಾದ ಬನಿಯನ್ನುಗಳಲ್ಲಿ ಗೋರಿಗಳ ನಡುವೆ ಕೂತು, ಮೈ ಬೆಚ್ಚಗಾಗಲೆಂದು ಜಪಸರದ ಪ್ರಾರ್ಥನೆಗೆ ದನಿಗೂಡಿಸಿದರು. ಶೋಕದ ಮನೆಯಲ್ಲಿ ಕಾದಿದ್ದ ಹಂದಿಮಾಂಸದ ಸ್ಯಾಂಡ್‌ವಿಚ್ಚುಗಳನ್ನು ಚಿಪ್ಪುಮೀನಿನ ದೋಣಿಯವರು ಬುಟ್ಟಿಗಳಲ್ಲಿ ತಂದುಕೊಟ್ಟರು. 'ಇಷ್ಟು ಚೆನ್ನಾಗಿ ಉಪಚಾರ ಮಾಡೋ ಓಟಕ್ಕೆ ನಾನು ಬಂದೇ ಇಲ್ಲ' ಎಂದು ಡಬ್ಲಿನ್ನಿನ ಹೆಂಗಸೊಬ್ಬಳು ಕಣ್ಣೊರೆಸಿಕೊಂಡಳು. ತಮ್ಮ ಸಂಘಟನೆಗೆ ಸಂದ ಈ ಶ್ಲಾಘನೆಯನ್ನು ಹಾಗೆಯೇ ತಲುಪಿಸಿದ್ದೇನೆ.

ತಾವು ಪ್ರಕಟಿಸಿದ ಫಲಿತಾಂಶದಲ್ಲಿ 'ಯಾರೂ ಗುರಿ ಮುಟ್ಟಲಿಲ್ಲ' ಎಂದಿದೆ. ಸಣ್ಣ ತಿದ್ದುಪಡಿ ಕೋರುತ್ತೇನೆ. ನನ್ನ ಅಕ್ಕ ಮುಟ್ಟಿದಳು.

ಈಗ ತಮ್ಮ ಹೊಸ ನಿಯಮಗಳ ವಿಷಯ. ಕಲ್ಲುಹಾದಿಯ ಬಾಯಿಗೆ ಗೇಟು ಹಾಕಿ ಬೀಗ ಜಡಿಯಲಾಗುವುದು, ಓಟದ ಋತುವಿನ ಶನಿವಾರಗಳಲ್ಲಿ ಹೂಳಲು ಅವಕಾಶವಿಲ್ಲ, ಉಳಿದ ದಿನಗಳಲ್ಲಿ ಎರಡು ವಾರ ಮುಂಚಿತವಾಗಿ ಅರ್ಜಿ ಸಲ್ಲಿಸಬೇಕು ಎಂದಿದ್ದೀರಿ. ಸುವ್ಯವಸ್ಥೆ ಎಂದರೆ ಇದು. ಇದುವರೆಗೆ ಮನಬಂದಂತೆ ಸಾಯುತ್ತಿದ್ದ ಜನರಿಗೆ ಇದರಿಂದ ಶಿಸ್ತು ಬರುವುದು ಖಂಡಿತ. ನನ್ನ ನೆರೆಮನೆಯ ಅಸಂಪ್ಟಾ ಮಗೋರಿಯನ್ ಹಾಸಿಗೆ ಹಿಡಿದಿದ್ದಾರೆ. ಅವರ ಗಂಡ, ಇಬ್ಬರು ಮಕ್ಕಳು ದ್ವೀಪದಲ್ಲಿದ್ದಾರೆ. ತಮ್ಮ ಪತ್ರ ಓದಿ ಹೇಳಿದಾಗ ಅವರು ಕಣ್ಣುಮುಚ್ಚಿಕೊಂಡೇ, 'ಹಾಗಾದ್ರೆ ಯಾವ ವಾರ ಸತ್ರೆ ಅವ್ರಿಗೆ ಅನುಕೂಲ ಅಂತ ಕೇಳಿ ಬಾರೋ ಮ್ಯಾಲಕಿ' ಎಂದರು. ನಗಲೆಂದೇ ಹೇಳಿದರು, ನಾನೂ ನಕ್ಕೆ. ಆಮೇಲೆ ಅವರು ನನ್ನ ಕೈ ಬಿಡಲೇ ಇಲ್ಲ.

ಆದ್ದರಿಂದ ಅವರ ಪರವಾಗಿ ಕೆಲವು ಕೋರಿಕೆಗಳು. ಒಂದೋ, ಪರಿಷತ್ತಿನ ಪ್ರಭಾವ ಬಳಸಿ ಶನಿವಾರಕ್ಕೆ ಹೆಚ್ಚುವರಿ ಇಳಿತವೊಂದನ್ನು ಮಂಜೂರು ಮಾಡಿಸಿರಿ. ಅದು ಆಗದಿದ್ದರೆ, ಹೊತ್ತೊಯ್ಯಲ್ಪಡುವ ಸ್ಪರ್ಧಿಗಳಿಗಾಗಿ ಪ್ರತ್ಯೇಕ ವಿಭಾಗವೊಂದನ್ನು ತೆರೆದು, ಪೆಟ್ಟಿಗೆಗೆ ಅಂಟುವಂಥ ನಂಬರು ಒದಗಿಸಿರಿ. ಅದೂ ಆಗದಿದ್ದರೆ, ಎರಡು ವಾರದ ಅರ್ಜಿಯನ್ನು ಯಾರು ಸಲ್ಲಿಸಬೇಕು, ಸಾಯುವವರೋ ಅಥವಾ ಸಾಯಿಸುವವನೋ, ಎಂಬುದನ್ನಾದರೂ ಸ್ಪಷ್ಟಪಡಿಸಿರಿ. ಎರಡನೆಯವನ ವಿಳಾಸ ಪಾದ್ರಿಗಳ ಬಳಿ ಸಿಗಬಹುದು. ಇವೆಲ್ಲಕ್ಕಿಂತ ಅಗ್ಗದ ದಾರಿ ಗೇಟನ್ನೇ ಹಾಕದಿರುವುದು. ಆದರೆ ಅಷ್ಟು ಸರಳವಾದ ಸಲಹೆಯನ್ನು ತಮ್ಮಂಥವರ ಮುಂದಿಡಲು ಸಂಕೋಚವಾಗುತ್ತದೆ.

ನೀರು ಇಳಿದಿರುವಷ್ಟು ಹೊತ್ತು ತಮ್ಮ ವಿಶ್ವಾಸಿ,

ಮ್ಯಾಲಕಿ ಡೆನ್ವಿರ್
ಬ್ಯಾಲಿಕೀರಾ

ಮರೆತ ಮಾತು: ಅಕ್ಕನ ಗುಂಡಿ ತೋಡಿದವರು ಪಕ್ಕದ ಜಾಗದ ಮುಳ್ಳುಗಿಡಗಳನ್ನೂ ಸವರಿದರು. ಕೆಳಗಿದ್ದ ಕಲ್ಲಿನಲ್ಲಿ ಫಿಟ್ಜ್‌ಸೈಮನ್ಸ್ ಮನೆತನದ ಹೆಸರುಗಳಿವೆ, ಕೊನೆಯದು ತವರಿನವರ ಜೊತೆ ಮಲಗಿರುವ ತಮ್ಮ ತಾಯಿಯವರದು. ತಾವು ಇತ್ತೀಚೆಗೆ ಬಂದಂತಿಲ್ಲ. ಅವರ ಪಕ್ಕದಲ್ಲಿ ಇನ್ನೊಬ್ಬರಿಗೆ ಸಾಕಾಗುವಷ್ಟು ಜಾಗ ಇದೆ. ತಮ್ಮ ಸಮಯ ಬಂದಾಗ ಅರ್ಜಿ ಬೇಡ, ಹೆಗಲು ನಾವೇ ಕೊಡುತ್ತೇವೆ; ಗೇಟಿನ ಬೀಗದ ಕೈ ಮಾತ್ರ ಯಾರ ಬಳಿ ಇಟ್ಟಿದ್ದೀರಿ ಎಂದು ಬದುಕಿರುವಾಗಲೇ ತಿಳಿಸಿಬಿಡಿ.