ಲಾರಿ ಕಂಪನಿಯ ಸೂತಕ

ಹತ್ತಿರದವರು ತೀರಿಕೊಂಡರೆ ಸೂತಕ ಹಿಡಿಯುವವರನ್ನು ನೀವು ನೋಡಿರುತ್ತೀರಿ. ಲಾರಿ ಕಂಪನಿ ತೀರಿಕೊಂಡಿತೆಂದು ಸೂತಕ ಹಿಡಿದವರನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ಅಂಥವರು ಈ ಭೂಮಿಯ ಮೇಲೆ ಒಬ್ಬರೇ ಇರುವುದು, ಆ ಒಬ್ಬರು ನನ್ನ ಹೆಂಡತಿಯ ಅಕ್ಕನ ಗಂಡನೇ ಆಗಬೇಕೆಂದು ನನ್ನ ಹಣೆಯಲ್ಲಿ ಬರೆದಿತ್ತು.

ಭಾವ ಉಡುಪಿಯ ಕಡೆಯವರು. ಈಗ ಮನೆ ಮಲೇಷ್ಯಾದ ಪುಚೊಂಗಿನಲ್ಲಿ, ಕೆಲಸ ಕ್ಲಾಂಗ್ ಬಂದರಿನಲ್ಲಿ. ಚೆಕ್ ದೇಶದಿಂದ ಲಾರಿಗಳನ್ನೂ ಅವುಗಳ ಬಿಡಿಭಾಗಗಳನ್ನೂ ತರಿಸಿ ಇಲ್ಲಿನ ಕಲ್ಲುಕ್ವಾರಿಗಳಿಗೆ, ತಾಳೆ ತೋಟಗಳಿಗೆ ಮಾರುವ ಒಂದು ಏಜೆನ್ಸಿ. ಅದರಲ್ಲಿ ಇವರೇ ಮ್ಯಾನೇಜರು. ನಾನು ಮೆಲಾಕಾದ ಮೆಡಿಕಲ್ ಕಾಲೇಜಿನಲ್ಲಿ ಪೆಥಾಲಜಿ ಕಲಿಸುವವನು. ಅಷ್ಟು ದೂರದಿಂದ ಕಾರು ಓಡಿಸಿಕೊಂಡು ಅವರ ಮನೆಗೆ ಊಟಕ್ಕೆ ಹೋದರೆ ಮೊದಲು ಉಪ್ಪು ಬಡಿಸುತ್ತಾರೆ, ಆಮೇಲೆ ಆ ಚೆಕ್ ಕಂಪನಿಯ ಚರಿತ್ರೆ.

ಸಾರು ಬರುವಾಗ ಕಂಪನಿ ಇನ್ನೂ ಕುದುರೆ ಗಾಡಿ ಮಾಡುತ್ತಿರುತ್ತದೆ. ಹುಳಿ ಬರುವಾಗ ಮಹಾಯುದ್ಧ. ಪಲ್ಯವನ್ನು ಎರಡನೇ ಸಲ ತರುವ ಹೊತ್ತಿಗೆ ಕಾರ್ಖಾನೆ ಸರ್ಕಾರದ ಪಾಲಾಗಿ, ಅದರ ಲಾರಿಗಳು ಹಿಮದಲ್ಲೂ ಮರಳಿನಲ್ಲೂ ಲೋಕವೆಲ್ಲ ಓಡಾಡಿಕೊಂಡಿರುತ್ತವೆ. ಪಾಯಸಕ್ಕೆ ಅವು ಮಲೇಷ್ಯಾಕ್ಕೆ ಬಂದಿಳಿಯುತ್ತವೆ. ಬಂದರಿನಲ್ಲಿ ಭಾವ ಸ್ವತಃ ನಿಂತು ಬರಮಾಡಿಕೊಳ್ಳುತ್ತಾರೆ. ಮಜ್ಜಿಗೆಗೆ ಅವನತಿ. ಅಲ್ಲಿಯ ಸರ್ಕಾರ ಬಿತ್ತು, ಕೊಳ್ಳುತ್ತಿದ್ದ ದೇಶಗಳು ಮುಖ ತಿರುಗಿಸಿದವು, ಮಾಲೀಕರು ಒಬ್ಬರಾದ ಮೇಲೊಬ್ಬರು ಬಂದು ಜಾಗ ಮಾರಿದರು, ಶೆಡ್ಡು ಮಾರಿದರು, ಕೆಲಸದವರನ್ನು ಮನೆಗೆ ಕಳಿಸಿದರು. ನಾನು ಮಜ್ಜಿಗೆಗೆ ಮೊದಲೇ ಕೈತೊಳೆಯಲು ಏಳುವುದನ್ನು ಕಲಿತೆ. ಅಕ್ಕ ಇದನ್ನು ತಮ್ಮ ಮಜ್ಜಿಗೆಗಾದ ಅವಮಾನವೆಂದೇ ತಿಳಿದುಕೊಂಡರು.

ಅವನತಿಯನ್ನು ಹೇಳುವಾಗಲೂ ಭಾವನಿಗೆ ಕಂಪನಿ ಸಾಯುತ್ತದೆಂಬ ಅನುಮಾನ ಇರಲಿಲ್ಲ. ನನ್ನ ಸಹೋದ್ಯೋಗಿಯೊಬ್ಬರು ಹೃದಯದ ಆಪರೇಷನ್ ಆಗಿ ಮಲಗಿದ್ದಾಗ ನನ್ನೊಡನೆ ನೋಡಲು ಬಂದ ಭಾವ, ಹಾಸಿಗೆಯ ಅಂಚಿನಲ್ಲಿ ಕೂತು ಸಮಾಧಾನ ಹೇಳಿದರು.

"ನೀವು ಹೆದರ್ಬೇಡಿ ಮಾರಾಯ್ರೆ. ನಮ್ಮ ಕಂಪನಿಯನ್ನು ಎಷ್ಟು ಸಲ ಮುಚ್ಚಿದ್ದಾರೆ ಗೊತ್ತುಂಟಾ? ಪ್ರತಿ ಸಲ ಎದ್ದು ಕೂತಿದೆ. ಅದರ ಎದುರು ನಿಮ್ಮದು ಎಂತ ಮಹಾ ಬೈಪಾಸು?"

ಒಂದು ತಿಂಗಳಲ್ಲಿ ರೋಗಿ ಎದ್ದು ಕೆಲಸಕ್ಕೆ ಬಂದರು. ಕಂಪನಿ ಮಾತ್ರ ಮಲಗಿದ್ದು ಮತ್ತೆ ಏಳಲಿಲ್ಲ.

ಇತ್ತ ಗಿರಾಕಿಗಳು ಬಿಡಿಭಾಗ ಕೇಳಿ ಫೋನ್ ಮಾಡುತ್ತಲೇ ಇದ್ದರು. ಅದರಲ್ಲೂ ರವಾಂಗ್ ಕಡೆಯ ಕ್ವಾರಿಯ ಮಣಿಯಂ ಎಂಬವರಿಗೆ ಒಂದು ಕ್ಲಚ್ ಪ್ಲೇಟು ಬೇಕಾಗಿತ್ತು. ಭಾವ ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದರು: ಮುಂದಿನ ಹಡಗಿಗೆ ಬರುತ್ತದೆ. ಸುಳ್ಳು ಹೇಳುತ್ತಿದ್ದರೆಂದು ತಿಳಿಯಬೇಡಿ. ಸುಳ್ಳನಾದರೆ ಬಂದರಿಗೆ ಹೋಗಿ ಹಡಗು ಕಾಯುತ್ತಾನೆಯೇ?

ಕೊನೆಗೆ ಹಡಗಿನ ಬದಲು ಈಮೇಲ್ ಬಂತು. ಕಾರ್ಖಾನೆಗೆ ಬೀಗ ಬಿದ್ದಿದೆ, ಇನ್ನು ಲಾರಿಯೂ ಇಲ್ಲ, ಬಿಡಿಭಾಗವೂ ಇಲ್ಲ. ಅದನ್ನು ಓದುವಾಗ ಭಾವ ಆಫೀಸಿನೆದುರು ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದರಂತೆ. ಅರ್ಧ ಲೋಟ ಬಿಟ್ಟು ಎದ್ದು ಮನೆಗೆ ಬಂದವರು ಸ್ನಾನ ಮಾಡಿದರು. ಹೊತ್ತಲ್ಲದ ಹೊತ್ತಿನಲ್ಲಿ ಎಂತಕ್ಕೆ ಸ್ನಾನ ಎಂದು ಅಕ್ಕ ಕೇಳಿದ್ದಕ್ಕೆ, "ಹೋಯ್ತು" ಎಂದರು. ಊರಿನಲ್ಲಿ ಯಾರೋ ಹೋದರೆಂದು ಅಕ್ಕ ಅತ್ತೇಬಿಟ್ಟರು. ವಿಷಯ ತಿಳಿದ ಮೇಲೆ ಇನ್ನೂ ಜೋರಾಗಿ ಅತ್ತರು.

ಅಂದಿನಿಂದ ಭಾವ ಗಡ್ಡ ಬೋಳಿಸಲಿಲ್ಲ, ಸಿಹಿ ಮುಟ್ಟಲಿಲ್ಲ. ನನಗೆ ಫೋನ್ ಮಾಡಿ, "ಡಾಕ್ಟ್ರೇ, ಸತ್ತದ್ದು ಎಂತಕ್ಕೆ ಅಂತ ನೋಡುದು ನಿಮ್ಮ ಕಸುಬಲ್ವಾ? ಇದಕ್ಕೆ ಎಂತ ಕಾರಣ ಬರೀತೀರಿ?" ಎಂದು ಕೇಳಿದರು. ವಯಸ್ಸಾಗಿತ್ತು ಭಾವ ಎಂದೆ. "ಎಂಜಿನ್ನಿಗೆ ಎಂತದೂ ಆಗಿರ್ಲಿಲ್ಲ" ಎಂದು ಫೋನ್ ಇಟ್ಟುಬಿಟ್ಟರು. ಅವರ ಮಗಳು ಇಲ್ಲೇ ಹುಟ್ಟಿ ಬೆಳೆದವಳು. "ಅಪ್ಪಾ, ಇಟ್ಸ್ ಜಸ್ಟ್ ಎ ಲಾರಿ ಲಾ" ಎಂದು ಇಲ್ಲಿಯವರ ಧಾಟಿಯಲ್ಲೇ ಹೇಳಿದಳು. ಭಾವ ಅವಳೊಡನೆ ಎರಡು ದಿನ ಮಾತಾಡಲಿಲ್ಲ.

ಇಲ್ಲಿಯವರೆಗೆ ನಕ್ಕದ್ದು ಸಾಕು. ತಿಂಗಳ ಕೊನೆಗೆ ಏಜೆನ್ಸಿಯೂ ಮುಚ್ಚುವುದಿತ್ತು. ಕೆಲಸ ಹೋದರೆ ಈ ದೇಶದಲ್ಲಿ ಇರುವ ಪಾಸೂ ಹೋಗುತ್ತದೆ. ಮಗಳಿಗೆ ಕಾಲೇಜಿನ ಕೊನೆಯ ವರ್ಷ. ಚೀನಾ ಲಾರಿ ಮಾರುವ ಒಂದು ಕಂಪನಿ ಭಾವನನ್ನು ಕರೆದಿತ್ತು. ಸೋಮವಾರ ಬೆಳಿಗ್ಗೆ ಬಂದು ಸೇರಿದರೆ ಸರಿ, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದಿತ್ತು.

"ಬೊಜ್ಜ ಮುಗಿಯದೆ ಇನ್ನೊಬ್ರ ಅಂಗಳಕ್ಕೆ ಕಾಲಿಡುದಾ? ಜನ ಎಂತ ಹೇಳಿಯಾರು?" ಎಂದಷ್ಟೇ ಭಾವ ಹೇಳಿದರು. ಬೊಜ್ಜವೆಂದರೆ ಅವರ ಕಡೆ ಸತ್ತವರ ಉತ್ತರಕ್ರಿಯೆ, ಸೂತಕ ಕಳೆಯುವ ಊಟ. ತಮಾಷೆಗೆ ಹೇಳಿದ್ದೆಂದು ನಾನು ಅವರ ಮುಖ ನೋಡಿದೆ. ಅಲ್ಲಿ ತಮಾಷೆಯ ಸುಳಿವೂ ಇರಲಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಅಕ್ಕ ಮಾತ್ರ, "ಹಾಗಾದ್ರೆ ಬೊಜ್ಜವೇ ಮಾಡಿ ಮುಗಿಸುವ" ಎಂದರು. ಹೇಳುವಾಗ ಅವರ ಧ್ವನಿಯಲ್ಲಿ ನಗುವಿರಲಿಲ್ಲ, ಸಿಟ್ಟೂ ಇರಲಿಲ್ಲ. ಎಲ್ಲ ಬಾಗಿಲು ತಟ್ಟಿ ಆದ ಮೇಲೆ ಮನುಷ್ಯರು ಹಾಗೆ ಮಾತಾಡುತ್ತಾರೆ. ಅಡುಗೆಗೆಂದು ದೇವಸ್ಥಾನದ ಭಟ್ಟರಿಗೆ ಫೋನ್ ಮಾಡಿದರು.

"ತೀರಿಕೊಂಡದ್ದು ಯಾರಮ್ಮ?"

"ಇವರ ಕಡೆಯವರು."

"ವಯಸ್ಸೆಷ್ಟು?"

"ನೂರು ದಾಟಿತ್ತು."

"ಪುಣ್ಯವಂತರು" ಎಂದರಂತೆ ಭಟ್ಟರು.

ಆದಿತ್ಯವಾರ ಊಟ. ಹೆಚ್ಚು ಜನರಿಲ್ಲ. ಭಾವನ ಆಫೀಸಿನವರೊಬ್ಬರು, ಮಂಗಳೂರಿನ ಕ್ರಿಶ್ಚಿಯನ್ನರು, ಕಪ್ಪು ಪ್ಯಾಂಟು ಹಾಕಿಕೊಂಡು ಬಂದು, ಭಾವನ ಎರಡೂ ಕೈ ಹಿಡಿದುಕೊಂಡು, "ಧೈರ್ಯ ತಕೊಳ್ಳಿ, ನಮ್ಮದೂ ಅದೇ ಕಥೆ ಅಲ್ವಾ" ಎಂದರು. ಭಾವ ತಲೆಯಾಡಿಸಿದರು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಗಡ್ಡ ಬೋಳಿಸಿ ರೇಷ್ಮೆ ಪಂಚೆ ಉಟ್ಟಿದ್ದ ಭಾವ ತೀರ ಸಣ್ಣವರಾಗಿ ಕಾಣುತ್ತಿದ್ದರು. ಎಲೆಗೆ ಹೋಳಿಗೆ ಬಿತ್ತು. ಅವರು ಅದನ್ನು ನೋಡುತ್ತ ಕೂತರೇ ಹೊರತು ಮುರಿಯಲಿಲ್ಲ. ಅಕ್ಕ ತುಪ್ಪದ ಮಿಳ್ಳೆ ಹಿಡಿದು ನಿಂತೇ ಇದ್ದರು.

ಆಗ ರಸ್ತೆಯ ತಿರುವಿನಲ್ಲಿ ಒಂದು ಗುಡುಗು ಶುರುವಾಯಿತು. ಕಿಟಕಿಯ ಗಾಜು ನಡುಗಿತು. ಭಾವ ಕತ್ತೆತ್ತಿದರು. ಕೈತೊಳೆಯದೆ ಓಡಿದರು. ಗೇಟಿನೆದುರು ಬಂದು ನಿಂತದ್ದು ಅದೇ ಚೆಕ್ ಲಾರಿ, ಮೈಯೆಲ್ಲ ಕಲ್ಲಿನ ಧೂಳು. ಸತ್ತವರೇ ತಮ್ಮ ಬೊಜ್ಜದ ಊಟಕ್ಕೆ ಬಂದ ಹಾಗಾಯಿತು. ಇಳಿದವರು ಮಣಿಯಂ. ಆಫೀಸಿಗೆ ಎಷ್ಟು ಫೋನ್ ಮಾಡಿದರೂ ಯಾರೂ ಎತ್ತಲಿಲ್ಲವಂತೆ. ಕ್ಲಚ್ಚು ಕೈಕೊಟ್ಟದ್ದರಿಂದ ಒಂದೇ ಗೇರಿನಲ್ಲಿ ರವಾಂಗಿನಿಂದ ಬೆಳಿಗ್ಗೆಯೇ ಹೊರಟು ತೆವಳಿಕೊಂಡು ಮನೆಗೇ ಬಂದಿದ್ದರು. ಗೇರು ಬದಲಿಸುವ ಹಾಗೇ ಇರಲಿಲ್ಲ.

"ಹಡಗು ಬಂತಾ ಬಾಸ್?" ಎಂದು ತಮಿಳಿನಲ್ಲಿ ಕೇಳಿದರು.

ನಾವೆಲ್ಲ ಎಂಜಲು ಕೈಯಲ್ಲೇ ಬಾಗಿಲಲ್ಲಿ ನಿಂತಿದ್ದೆವು. ಭಾವ ಎಡಗೈಯಿಂದ ಲಾರಿಯ ಬಾಗಿಲ ಧೂಳು ಒರೆಸಿದರು.

"ಹಡಗು ಬರುವುದಿಲ್ಲ ಮಣಿಯಂ. ಕಂಪನಿ ಮುಚ್ಚಿತು. ಇದನ್ನು ಗುಜರಿಗೆ ಕೊಟ್ಟುಬಿಡಿ" ಎಂದರು, ಅವರೂ ತಮಿಳಿನಲ್ಲೇ.

ಮಣಿಯಂ ಬೈಯುತ್ತಾರೆಂದು ನಾನು ಕಾದೆ. ಅವರು ಬೈಯಲಿಲ್ಲ. ಟವೆಲಿನಿಂದ ಮುಖ ಒರೆಸಿಕೊಂಡು, ಹಾಗಾದರೆ ಇನ್ನು ಯಾವ ಲಾರಿ ತೆಗೆದುಕೊಳ್ಳಲಿ ಎಂದು ಕೇಳಿದರು. ಭಾವ ಆ ಚೀನಾ ಲಾರಿಯ ಹೆಸರು ಹೇಳಿದರು. "ನಾಳೆಯಿಂದ ನಾನು ಅಲ್ಲೇ ಇರುತ್ತೇನೆ. ಅಲ್ಲಿಗೆ ಬನ್ನಿ."

ಭಾವ ಹೊಸ ಕೆಲಸಕ್ಕೆ ಸೇರುವ ವಿಷಯ ನಮಗೆ ತಿಳಿದದ್ದು ಹೀಗೆ. ಅಕ್ಕನ ಕೈಯ ಮಿಳ್ಳೆ ಓರೆಯಾಗಿ ತುಪ್ಪ ಸುರಿಯುತ್ತಿತ್ತು, ಅವರಿಗೆ ಗೊತ್ತಾಗಲಿಲ್ಲ. ಗೆದ್ದವರ ಮುಖ ಅದಾಗಿರಲಿಲ್ಲ.

ಮಣಿಯಂ ಊಟಕ್ಕೆ ಕೂತರು. ಭಾವ ಒಳಗೆ ಬರಲಿಲ್ಲ. ಚಕ್ರಕ್ಕೆ ಬೆನ್ನು ಕೊಟ್ಟು ರಸ್ತೆಯಲ್ಲೇ ಕೂತಿದ್ದರು, ಹೆಗಲು ಅಲುಗುತ್ತಿತ್ತು. ಸಮಾಧಾನ ಮಾಡೋಣವೆಂದು ನಾನು ಹೊರಟರೆ ಅಕ್ಕ ನನ್ನನ್ನು ತಡೆದು ತಾವೇ ಹೋದರು. ಮದುವೆಯಾದಂದಿನಿಂದ ಆ ಲಾರಿಗಳ ಹೆಸರೆತ್ತಿದರೆ ಮುಖ ಸಿಂಡರಿಸುತ್ತಿದ್ದ ಅಕ್ಕ, ಸೀರೆಯ ನೆರಿಗೆ ಎತ್ತಿ ಕಟ್ಟಿ, ಕಂಬಿ ಹಿಡಿದು, ಕಷ್ಟಪಟ್ಟು ಲಾರಿ ಹತ್ತಿ ಡ್ರೈವರನ ಪಕ್ಕದ ಸೀಟಿನಲ್ಲಿ ಕೂತರು.

"ಒಂದು ಸುತ್ತು ಕರ್ಕೊಂಡು ಹೋಗಿ. ನಾನು ಇದ್ರಲ್ಲಿ ಒಂದು ಸಲವೂ ಕೂತದ್ದಿಲ್ಲ" ಎಂದರು.

ಭಾವ ಎದ್ದು ಹತ್ತಿದರು, ಲಾರಿ ಹೊರಟಿತು. ಪುಚೊಂಗಿನ ಆ ಸಣ್ಣ ರಸ್ತೆಯಲ್ಲಿ, ನಡೆದು ಹೋಗುವವರಿಗಿಂತಲೂ ನಿಧಾನವಾಗಿ. ಮನೆಗಳವರೆಲ್ಲ ಹೊರಗೆ ಬಂದು ನೋಡಿದರು. ನಾನು ಪಕ್ಕದಲ್ಲೇ ನಡೆದುಕೊಂಡು ಹೋದೆ. ಭಾವನ ಬಲಗೈ ಸ್ಟಿಯರಿಂಗಿನ ಮೇಲಿತ್ತು. ಗೇರು ಬದಲಿಸುವ ಕೆಲಸವಿಲ್ಲದ್ದರಿಂದ ಎಡಗೈ ಸುಮ್ಮನಿತ್ತು. ಅದನ್ನು ಅಕ್ಕ ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡು ಕೂತಿದ್ದರು.