ಒಂದು ತಲೆಯಾಟದ ನೇರ ಪ್ರಸಾರ

ಟಿವಿಯಲ್ಲಿ ಸುದ್ದಿ ಓದಲು ಎರಡೇ ಅರ್ಹತೆ ಬೇಕು: ಕೋಟು ಮತ್ತು ಕಂಠ. ನನ್ನ ಬಳಿ ಎರಡೂ ಇದ್ದವು. ಕೋಟು ಮದುವೆಯದು, ಗುಂಡಿ ಹಾಕಿದರೆ ಕಂಠ ಹೊರಡುತ್ತಿರಲಿಲ್ಲ, ಅಷ್ಟೇ.

ಎರಡು ಸಾವಿರದ ಇಸವಿಯ ಆಸುಪಾಸು. ಡೆಟ್ರಾಯ್ಟ್ ಪಕ್ಕದ ಟ್ರಾಯ್‌ನಲ್ಲಿ ಒಂದು ಪುಟ್ಟ ಕೇಬಲ್ ಚಾನೆಲ್ ಇತ್ತು. ಊರಿನವರು ಯಾರು ಕೇಳಿದರೂ ಪುಕ್ಕಟೆ ಸಮಯ ಕೊಡುತ್ತಿದ್ದರು. ಶನಿವಾರ ಬೆಳಗಿನ ಅರ್ಧ ಗಂಟೆ ನಮ್ಮ ಕನ್ನಡದ್ದು. ಆದರೆ ನಾನು ಸುದ್ದಿ ಓದಲು ಶುರುಮಾಡಿದ ಮೇಲೆ ವೀಕ್ಷಕರಿಂದ ಒಂದೇ ಒಂದು ಫೋನೂ ಬಂದಿರಲಿಲ್ಲ. ಈ ವಾರವೂ ಬರದಿದ್ದರೆ ಆ ಹೊತ್ತನ್ನು ಐಸಿನಲ್ಲಿ ತೂತು ಕೊರೆದು ಮೀನು ಹಿಡಿಯುವವರ ಕಾರ್ಯಕ್ರಮಕ್ಕೆ ಕೊಡುವುದಾಗಿ ಮ್ಯಾನೇಜರ್ ಲಿಂಡಾ ನಗುನಗುತ್ತಲೇ ಹೇಳಿದಳು. ನನಗೆ ಹೊಟ್ಟೆ ಉರಿಯಿತು. ಕನ್ನಡ ಹೋಗಿ ಹೋಗಿ ಮೀನಿಗೆ ಸೋಲುವುದೇ!

ಗ್ರಾಂಥಿಕ ಕನ್ನಡದಲ್ಲಿ ಸುದ್ದಿ ಬರೆದುಕೊಂಡೆ. ಹಿಮ ಬಿದ್ದದ್ದು ‘ತುಷಾರವರ್ಷ’ವಾಯಿತು, ಟ್ರಾಫಿಕ್ ಜಾಮ್ ‘ವಾಹನಸ್ತಂಭನ’ವಾಯಿತು. ಕೇಳಿದ ಹೆಂಡತಿ ಸುಮಾ, ಇದಕ್ಕಿಂತ ಮೀನೇ ವಾಸಿ ಎಂದಳು.

ನೇರ ಪ್ರಸಾರ ಶುರುವಾಯಿತು. ಉತ್ಸಾಹದಲ್ಲಿ ಬಡಬಡನೆ ಓದಿ ಅರ್ಧ ಹೊತ್ತಿಗೇ ಮುಗಿಸಿಬಿಟ್ಟೆ. ಗಾಜಿನಾಚೆ ಲಿಂಡಾ ಒಂದು ಕ್ಯಾಸೆಟ್ ಎತ್ತಿ ಹಿಡಿದು, ಉಳಿದ ಹೊತ್ತಿಗೆ ಇದನ್ನು ಹಾಕಲೇ ಎಂದು ಸನ್ನೆ ಮಾಡಿದಳು. ಹಾಕು ತಾಯಿ ಎಂದು ನಾನು ಮೈಸೂರಿನ ಪದ್ಧತಿಯಂತೆ ತಲೆಯನ್ನು ಆ ಭುಜದಿಂದ ಈ ಭುಜಕ್ಕೆ ತೂಗಿದೆ. ಅವಳ ಕಣ್ಣಿಗೆ ಅದು ‘ಬೇಡ’ ಎಂದು ಕಂಡಿತು. ಕ್ಯಾಸೆಟ್ ಕೆಳಗಿಟ್ಟಳು. ಕ್ಯಾಮೆರಾ ಓಡುತ್ತಲೇ ಇತ್ತು.

ಇದ್ಯಾವುದೂ ತಿಳಿಯದ ನಾನು, ಕ್ಯಾಸೆಟ್ ಓಡುತ್ತಿದೆ ಎಂದುಕೊಂಡು, ಉಸ್ಸಪ್ಪಾ ಎಂದು ಕೋಟಿನ ಗುಂಡಿ ಬಿಚ್ಚಿ, ಜೊತೆಗೆ ಬಂದಿದ್ದ ಸುಮಾ ಮೇಜಿನ ಬಳಿ ತಂದುಕೊಟ್ಟ ಉಪ್ಪಿಟ್ಟಿನ ಡಬ್ಬಿ ತೆಗೆದೆ. ಬಾಯಿ ಸುಮ್ಮನಿರಬೇಕಲ್ಲ!

“ಫಾರ್ಮಿಂಗ್ಟನ್ ಹಿಲ್ಸ್ ಶಾಹೀನಾ ಆಂಟಿ ಮನೆ ಉಪ್ಪಿಟ್ಟೇ ಉಪ್ಪಿಟ್ಟು ಕಣೆ. ಇದು ಗೋಡೆಗೆ ಮೆತ್ತೋಕೆ ಲಾಯಕ್ಕು.”

“ಹಾಗಾದ್ರೆ ಅಲ್ಲಿಗೇ ಹೋಗಿ ತಿನ್ನಿ. ಕಾರ್ ಕೀ ನನ್ ಹತ್ರ ಇದೆ, ಹೈವೇ ಮೇಲೆ ನಡ್ಕೊಂಡು ಹೋಗಿ.”

ಅಷ್ಟರಲ್ಲಿ ಮೇಜಿನ ಫೋನ್ ಬಡಿದುಕೊಂಡಿತು. ಸುಮಾ ಸ್ಪೀಕರ್ ಒತ್ತಿದಳು. ಹುಬ್ಬಳ್ಳಿ ಮೂಲದ ಅದೇ ಶಾಹೀನಾ ಆಂಟಿ!

“ಟೀವಿಯಾಗ ನೋಡಾಕತ್ತೀನ್ರೀ. ಹೊಗಳಿದ್ದಕ್ಕ ಖುಷಿ ಆತು. ಆದ್ರ ಉಪ್ಪಿಟ್ಟು ನಾ ಮಾಡಿದ್ದಲ್ಲ, ನಮ್ಮ ಮನಿಯವ್ರು ಮಾಡಿದ್ದು.”

ನಾನು ಡಬ್ಬಿಯನ್ನು ಮೇಜಿನ ಕೆಳಕ್ಕೆ ತಳ್ಳಿ ಕೋಟಿನ ಗುಂಡಿ ಹುಡುಕತೊಡಗಿದೆ. ಸುಮಾ ಮಾತ್ರ ಸೆರಗು ಸರಿಮಾಡಿಕೊಂಡು ಕ್ಯಾಮೆರಾದತ್ತ ತಿರುಗಿ, ಯಾರ್ಯಾರ ಮನೆಯಲ್ಲಿ ಗಂಡಸರು ಉಪ್ಪಿಟ್ಟು ಮಾಡುತ್ತಾರೆ, ಫೋನ್ ಮಾಡಿ ತಿಳಿಸಿ ಎಂದಳು. ಶುರುವಾಯಿತು ನೋಡಿ! ಹೆಂಗಸರು ಗಂಡಂದಿರ ಮೇಲೆ ದೂರು ಹೇಳಿದರು, ಗಂಡಂದಿರು ನನಗೆ ಬೈದರು. ಲಿಂಡಾಗೆ ಕನ್ನಡ ಬಾರದು. ಅವಳಿಗೆ ಬೈಗುಳವೂ ಫೋನೇ. ಅರ್ಧ ಗಂಟೆ ಇನ್ನು ನಿಮ್ಮದೇ ಎಂದು ಹಾಳೆಯಲ್ಲಿ ಬರೆದು ಗಾಜಿಗೆ ಹಿಡಿದು ಕುಣಿದಳು. ಮೀನು ಸೋತಿತು, ಕನ್ನಡ ಗೆದ್ದಿತು! ಖುಷಿಗೆ ನನ್ನ ಕಣ್ಣಲ್ಲಿ ನೀರೇ ಬಂತು.

“ಮುಂದಿನ ಶನಿವಾರ ಇವ್ರೇ ಇಲ್ಲಿ ಉಪ್ಪಿಟ್ಟು ಮಾಡ್ತಾರೆ. ಅಲ್ವೇನ್ರೀ?” ಎಂದಳು ಸುಮಾ.

ಆಗಲ್ಲ ಎಂದು ಅಮೆರಿಕದವರ ಹಾಗೆ ತಲೆ ತಿರುಗಿಸಲು ಹೊರಟೆ. ಹಾಳಾದ ಅಭ್ಯಾಸ, ಅದು ಆ ಭುಜದಿಂದ ಈ ಭುಜಕ್ಕೇ ತೂಗಿತು. ಈ ಸಲ ಲಿಂಡಾ ಒಬ್ಬಳನ್ನು ಬಿಟ್ಟು, ನೋಡುತ್ತಿದ್ದ ಕನ್ನಡಿಗರಿಗೆಲ್ಲ ಅರ್ಥವಾಯಿತು.