ಅಂಕಯ್ಯನ ಎಡೆಗೆ ಶಾಲೆಯ ಟ್ಯಾಬು

"ಈ ಸಲ ನನ್ ಎಡೇಲಿ ಯಾರಾದ್ರೂ ಒಂದ್ ಐಬು ತೋರ್ಸ್ಲಿ. ಅವತ್ತೇ ಸೌಟು ಹಿಡಿಯೋದ್ ಬುಡ್ತೀನಿ!"

ಹಿರಿಯರ ಹಬ್ಬಕ್ಕೆ ಎರಡು ದಿನ ಇರುವಾಗ ಕೆಂಪಾಜಮ್ಮ ಬೀದಿಗೆಲ್ಲ ಕೇಳುವಂತೆ ಸಾರಿದಳು. ಪಿರಿಯಾಪಟ್ಟಣದ ಕಡೆಯ ಆ ಊರಿನ ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು ಅವಳೇ. ಅರವತ್ತು ಹೊಟ್ಟೆಗಳ ಒಡತಿ! ಅವಳ ಸಾರಿಗೆ ಹೆಸರಿಡುವ ಧೈರ್ಯ ಭೂಮಿಯ ಮೇಲೆ ಒಬ್ಬನಿಗೇ ಇತ್ತು. ಗಂಡ ಅಂಕಯ್ಯನಿಗೆ. ಅವನು ಹೋಗಿ ವರ್ಷ ತುಂಬಿತ್ತು. ಇದು ಅವನಿಗೆ ಮೊದಲ ಎಡೆ.

ಎಲ್ಲವೂ ಇತ್ತು. ಹತ್ತಿರದ ಕೊಪ್ಪದ ಪೇಟೆಯಿಂದ ತಂದ ಹೊಸ ಪಂಚೆ, ಮೀನು, ಬೀಡಿಕಟ್ಟು. ಇಲ್ಲದ್ದು ಫೋಟೊ. ಇದ್ದದ್ದು ಆಧಾರ್ ಕಾರ್ಡಿನದೊಂದೇ. ಅದರಲ್ಲಿ ಅಂಕಯ್ಯ ಕುರಿ ಕದ್ದು ಸಿಕ್ಕಿಬಿದ್ದವನಂತಿದ್ದ. ಮುಖವಿಲ್ಲದ ಎಡೆಗೆ ಅವನು ಬರುವುದು ಹೇಗೆ? ದಾರಿ ತಪ್ಪಿ ಪಕ್ಕದ ಮನೆಯಲ್ಲಿ ಉಂಡುಬಿಟ್ಟರೆ!

ಅಂಕಯ್ಯ ಚೆನ್ನಾಗಿ ಕಾಣುತ್ತಿದ್ದುದು ಶಾಲೆಯ ಟ್ಯಾಬಿನಲ್ಲಿ. ನಂದಿತಾ ಟೀಚರು ಐದನೇ ಕ್ಲಾಸಿನ ಪಾಠಕ್ಕೆಂದು ಅವನಿಂದ ರಾಗಿ ಬೇಸಾಯ ಹೇಳಿಸಿ ವಿಡಿಯೊ ಮಾಡಿದ್ದರು. ಪಾಠ ಮುಗಿಸಿದವನು ಅಡುಗೆಮನೆಗೆ ನುಗ್ಗಿ, ಸಾರು ನೆಕ್ಕಿ, "ಉಪ್ಪು ಸಾಲ್ದು ಕಣಮ್ಮಿ!" ಅಂದದ್ದೂ ಅದರಲ್ಲಿ ಸೇರಿಹೋಗಿತ್ತು. ಮಕ್ಕಳು ರಾಗಿ ಬಿಟ್ಟು ಉಪ್ಪನ್ನೇ ಮತ್ತೆ ಮತ್ತೆ ಹಾಕಿಸಿಕೊಳ್ಳುತ್ತಿದ್ದರು. ಕ್ಲಾಸಿನ ಕಿಟಕಿಯಿಂದ ಆ ದನಿ ತೇಲಿ ಬಂದಾಗೆಲ್ಲ ಒಲೆಯ ಹೊಗೆಯೊಳಗೆ ಕೆಂಪಾಜಮ್ಮನ ಸೌಟು ನಿಲ್ಲುತ್ತಿತ್ತು. ಅವನು ಸತ್ತದ್ದು ಆ ಗಳಿಗೆಗೆ ಮರೆತುಹೋಗುತ್ತಿತ್ತು. ಆಮೇಲೆ ಬೇಳೆ ಸೀದ ವಾಸನೆ ಬಂದು ನೆನಪಾಗುತ್ತಿತ್ತು.

"ಮೇಡಂ, ಒಂದಿನದ ಮಟ್ಟಿಗೆ ನಮ್ ಯಜಮಾನ್ರನ್ನ ಮನೆಗ್ ಕಳ್ಸಿ."

ನಂದಿತಾ ಟೀಚರು, ಅಂಕಯ್ಯ ಸಾರು ನೆಕ್ಕುವಲ್ಲಿಗೆ ವಿಡಿಯೊ ನಿಲ್ಲಿಸಿ, ಪರದೆ ಆರದಂತೆ ಮಾಡಿಕೊಟ್ಟರು. "ಮುಖ ಮುಟ್ಬೇಡಿ ಕೆಂಪಾಜಮ್ಮ. ಮುಟ್ಟಿದ್ರೆ ಮಾತಾಡ್ತಾರೆ."

"ಬದುಕಿದ್ದಾಗ್ಲೂ ಅಂಗೇಯ ಬುಡಿ."

ಹಬ್ಬದ ದಿನ ಟ್ಯಾಬು ಮಣೆಯೇರಿ ಬಿಂದಿಗೆಗೆ ಒರಗಿ ಕೂತಿತು. ಸುತ್ತ ಚೆಂಡುಹೂವು. ಸಾರು ಕುದಿಯುವಷ್ಟು ಹೊತ್ತೂ ಕೆಂಪಾಜಮ್ಮನ ಕಣ್ಣು ಆ ಮುಖದ ಮೇಲೇ. ಹಿರಿಯರಿಗಿಡುವ ಮೊದಲು ಅಡುಗೆಯ ರುಚಿ ನೋಡುವಂತಿಲ್ಲ. ಅರವತ್ತು ಹೊಟ್ಟೆಗಳ ಒಡತಿಗೆ ನೋಡುವ ದರ್ದಾದರೂ ಏನು!

ಎಡೆಯಿಟ್ಟು, ಧೂಪ ಹಾಕಿ, ಹಿರಿಯರು ನಾಚದೆ ಉಣ್ಣಲಿ ಎಂದು ಬಾಗಿಲು ಮುಚ್ಚಿ ಎಲ್ಲರೂ ಜಗಲಿಗೆ ಬಂದರು. ಮೈದುನ ನಿಂಗಯ್ಯ, ಅವನ ಹೆಂಡತಿ ಸಾಕಮ್ಮ. ಬಾಗಿಲ ಸಂದಿಯಿಂದ ಹೊಗೆ ಮೆಲ್ಲಗೆ ಹೊರಗೆ ಹರಿಯುತ್ತಿತ್ತು.

"ಅಕ್ಕ, ಬಾವ ಬಂದಿರ್ತಾರಾ?" ಸಾಕಮ್ಮ ಪಿಸುಗುಟ್ಟಿದಳು.

"ಬರ್ದೆ ಏನು? ಮೀನ್ ಸಾರು ಕಣೆ!"

ಒಳಗಿನಿಂದ ಗಟ್ಟಿ ದನಿ ಬಂತು:

"ಉಪ್ಪು ಸಾಲ್ದು ಕಣಮ್ಮಿ!"

ನಿಂಗಯ್ಯ ಜಗಲಿಯಿಂದ ನೇರ ತಿಪ್ಪೆಗೆ ಹಾರಿದ. ಅಲ್ಲಿಂದಲೇ ಕೈಮುಗಿದ. "ಅಣ್ಣಾ, ನಾನೇನೂ ಮಾಡ್ನಿಲ್ಲ ಕಣಣ್ಣಾ! ಸಾರು ಅತ್ಗೇದು!"

ಕೆಂಪಾಜಮ್ಮ ಬಾಗಿಲು ದಬ್ಬಿದಳು. ಮಣೆಯ ಮೇಲೆ ಬೆಕ್ಕು. ಮುಂಗಾಲು ಅಂಕಯ್ಯನ ಕೆನ್ನೆಯ ಮೇಲೆ, ಬಾಯಲ್ಲಿ ಮೀನು! ಅದು ಕಿಟಕಿ ಹಾರಿ ಹೋಯಿತು. ಪರದೆಯಲ್ಲಿ ಅಂಕಯ್ಯ ಸೌಟು ಹಿಡಿದು ನಗುತ್ತ ನಿಂತಿದ್ದ.

"ಥೂ, ಬೆಕ್ಕು ಕಣ್ರೀ, ಬನ್ನಿ!" ಎಂದು ಗಂಡನನ್ನು ಕೂಗಿದ ಸಾಕಮ್ಮ, ಸಾರಿಗೆ ಬೆರಳದ್ದಿ ನೆಕ್ಕಿದಳು. ಮುಖ ಸೊಟ್ಟಗಾಯಿತು.

"ಅಕ್ಕಾ... ನೀನು ಉಪ್ಪೇ ಹಾಕಿಲ್ವಲ್ಲ!"

ಕೆಂಪಾಜಮ್ಮ ತಾನೂ ನೆಕ್ಕಿ ನೋಡಿದಳು. ಒಂದು ಹರಳೂ ಬಿದ್ದಿರಲಿಲ್ಲ.

ಅವಳು ಉಪ್ಪಿನ ಮಡಕೆ ತಂದಳು. ಸಾರಿಗೆ ಹಾಕಿ, ಕುದಿಸಿ, ಹೊಸ ಎಲೆಗೆ ಬಡಿಸಿದಳು. "ತಕ್ಕೊ. ವರ್ಸದ್ ಮೇಲ್ ಬಂದ್ರೂ ಅದೇ ಮಾತು," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು, ಕಿಟಕಿಯನ್ನೂ ಬಾಗಿಲನ್ನೂ ಮುಚ್ಚಿ ಮತ್ತೆ ಜಗಲಿಯಲ್ಲಿ ಕೂತಳು.

ಈ ಸಲ ಒಳಗಿನಿಂದ ಸದ್ದೇ ಇಲ್ಲ. ತಿಪ್ಪೆಯಿಂದ ನಿಂಗಯ್ಯ ಕೇಳಿದ:

"ಅತ್ಗೆ, ಅಣ್ಣ ಏನಂದ?"

"ಸುಮ್ಕಿರ್ಲಾ. ಬಾಯಲ್ಲಿ ತುತ್ತದೆ."